ತಕ್ಕಡಿ ಅಕ್ಕನ ಕೈ

ನಮ್ಮ ಪ್ರಯೋಗಾಲಯದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಹೊಸದಾಗಿ ಸೇರಿದ ವಿಜ್ಞಾನಿಯಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ತಕ್ಕಡಿ ಅಕ್ಕ. ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯ ಮುಂದೆ ಅರ್ಧ ಆಯುಷ್ಯ ಕಳೆದವರು. ಪುಟ್ಟ ಚಮಚದ ತುದಿಯಲ್ಲಿ ಪುಡಿ ಎತ್ತಿಕೊಂಡು, ತೋರುಬೆರಳಿನಿಂದ ಅದರ ಹಿಡಿಯನ್ನು ಮೆಲ್ಲಗೆ ತಟ್ಟಿದರೆ ಬೇಕಾದಷ್ಟೇ ಉದುರುತ್ತಿತ್ತು. ಪಕ್ಕದಲ್ಲಿ ಯಾರಾದರೂ ಜೋರಾಗಿ ಉಸಿರು ಬಿಟ್ಟರೆ ತಿರುಗಿ ನೋಡುತ್ತಿದ್ದರು. ಆ ನೋಟಕ್ಕೆ ಹೆದರಿ ನಾವೆಲ್ಲ ತೂಕದ ಕೋಣೆಗೆ ಮೂಗು ಹಿಡಿದುಕೊಂಡೇ ಹೋಗುತ್ತೇವೆ ಎಂದು ತಮಾಷೆ ಮಾಡಿಕೊಳ್ಳುತ್ತಿದ್ದೆವು.

ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವನು. ಲವಣದ ಬಾಟಲಿ, ಗಾಜಿನ ಕೊಳವೆ, ಅನಿಲದ ಸಿಲಿಂಡರ್, ಏನು ಬೇಕಾದರೂ ನನ್ನ ಕಿಟಕಿಗೆ ಬರಬೇಕು. ಅಕ್ಕ ಬಂದರೆ ಸಾಮಾನು ತೆಗೆದುಕೊಂಡು ಸುಮ್ಮನೆ ಹೋದವರಲ್ಲ. ಮನೆಯ ಸುದ್ದಿ ಹೇಳಿ, ನನ್ನ ಸೊಂಟನೋವು ವಿಚಾರಿಸಿಯೇ ಹೊರಡುತ್ತಿದ್ದರು. ಮುಂದೆ ಬರುವ ಮನೆಯ ಮಾತುಗಳೆಲ್ಲ ಹಾಗೆ ಅವರ ಬಾಯಿಂದಲೇ ಕೇಳಿದ್ದು.

ಅಲ್ಲಿ ನಡೆಯುತ್ತಿದ್ದ ಕೆಲಸವನ್ನು ಮೊದಲು ಹೇಳಿಬಿಡುತ್ತೇನೆ. ಜನರೇಟರು, ಬಾಯ್ಲರುಗಳ ಹೊಗೆಯಲ್ಲಿ ಕಣ್ಣಿಗೆ ಕಾಣದ, ಮೂಗಿಗೆ ಗೊತ್ತಾಗದ ವಿಷಾನಿಲವೊಂದು ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡರೆ ಮಲಗಿದವರು ಏಳುವುದಿಲ್ಲ. ಆ ಹೊಗೆಯನ್ನು ಒಂದು ಪುಡಿಯ ಮೂಲಕ ಹಾಯಿಸಿ, ಹೆಚ್ಚು ಕಾಯಿಸದೆಯೇ ವಿಷವನ್ನು ಕಳೆಯಬೇಕು. ಪುಡಿಗೆ ಚಿನ್ನ, ಪ್ಲಾಟಿನಂನಂಥ ದುಬಾರಿ ಲೋಹವೂ ಬೇಡ. ಅಂಥ ಪುಡಿಗೆ ಕ್ಯಾಟಲಿಸ್ಟ್ ಎನ್ನುತ್ತಾರೆ. ತಾನು ಖರ್ಚಾಗದೆ ಬೇರೆಯವರ ಕೆಲಸ ಚುರುಕು ಮಾಡಿಕೊಡುವುದು ಅದರ ಗುಣ. ಅಕ್ಕನ ಗಂಡ ಟೈಲರ್. ಮೊದಲ ಸಲ ಇದನ್ನು ಕೇಳಿದಾಗ ಅವರು, "ಸೂಜಿ ಇದ್ದ ಹಾಗೆ ಅನ್ನು. ಎರಡು ತುಂಡು ಬಟ್ಟೆ ಕೂಡಿಸುತ್ತೆ, ತಾನು ಮಾತ್ರ ಬಟ್ಟೇಲಿ ಉಳಿಯಲ್ಲ" ಎಂದರಂತೆ. ನಮ್ಮ ಮುಖ್ಯಸ್ಥರಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ, ನೋಡಲು ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಮುಖ್ಯಸ್ಥರನ್ನು ನಾವು ಮೇಷ್ಟ್ರು ಅನ್ನುತ್ತಿದ್ದೆವು. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಮುಳುಗಿದರೆ ಎದುರಿಗೆ ಆನೆ ಬಂದರೂ ಕಾಣದು.

ತಾಮ್ರ, ಮ್ಯಾಂಗನೀಸ್, ಕೋಬಾಲ್ಟ್ ಲವಣಗಳನ್ನು ತೂಗುವುದು, ನೀರಿನಲ್ಲಿ ಕರಗಿಸುವುದು, ವಾಷಿಂಗ್ ಸೋಡಾ ಕರಗಿಸಿದ ನೀರನ್ನು ಹನಿಹನಿಯಾಗಿ ಬಿಟ್ಟು ಗಸಿ ಇಳಿಸುವುದು, ಸೋಸಿ ತೊಳೆದು ಒಣಗಿಸಿ ಕುಲುಮೆಯಲ್ಲಿ ಸುಡುವುದು, ಕೊನೆಗೆ ಅರೆದು ಗಾಜಿನ ಕೊಳವೆಗೆ ತುಂಬುವುದು ಅಕ್ಕನ ಕೆಲಸ. ಇಂಥ ಒಂದು ಪುಡಿ ತಯಾರಾಗಲು ದಿನಗಳೇ ಹಿಡಿಯುತ್ತಿದ್ದವು. ಬಹುಪಾಲು ಪುಡಿಗಳು ಏನೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಆದರೂ ಅಕ್ಕನಿಗೆ ಬೇಸರವಿರಲಿಲ್ಲ. "ಇದು ಆಗಲ್ಲ ಅಂತ ಗೊತ್ತಾಯ್ತಲ್ಲ, ಅದೂ ಕೆಲಸವೇ" ಅನ್ನುವರು.

ಅಕ್ಕನಿಗೆ ಕೈ ನಡುಕ ಶುರುವಾದದ್ದು ಮೊದಲು ಗೊತ್ತಾದದ್ದು ಮನೆಯಲ್ಲಿ. ಗಂಡನಿಗೆ ಹತ್ತಿರದ ದೃಷ್ಟಿ ಮಂಜಾಗಿತ್ತು. ಕೆಲಸಕ್ಕೆ ಹೊರಡುವ ಮೊದಲು ಒಂದಷ್ಟು ಸೂಜಿಗಳಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುವುದು ಅಕ್ಕನ ರೂಢಿ. ಒಂದು ಬೆಳಿಗ್ಗೆ ದಾರ ಸೂಜಿಯ ಕಣ್ಣಿನ ಎಡಕ್ಕೂ ಬಲಕ್ಕೂ ಹೋಯಿತೇ ಹೊರತು ಒಳಗೆ ಹೋಗಲಿಲ್ಲ. ಹೊತ್ತಾಯಿತು ಎಂದು ಸಿಡುಕಿ ಎದ್ದರು. ಮಾರನೆಯ ದಿನವೂ ಹಾಗೇ ಆಯಿತು. ಗಂಡ, ಏನೋ ಮುನಿಸು ಇರಬೇಕೆಂದು ಸುಮ್ಮನಾದರು; ಪಕ್ಕದ ಅಂಗಡಿಯವರ ಕೈಲಿ ಪೋಣಿಸಿಕೊಳ್ಳತೊಡಗಿದರು.

ಅಕ್ಕನಿಗೆ ಮಾತ್ರ ತಾಯಿಯ ನೆನಪಾಗಿತ್ತು. ಅವರ ತಾಯಿಗೂ ಹೀಗೇ ಕೈ ನಡುಗುತ್ತಿತ್ತು. ಕೊನೆಗಾಲಕ್ಕೆ ಲೋಟ ಎತ್ತಿದರೆ ಅರ್ಧ ನೀರು ಸೆರಗಿನ ಮೇಲೆ. ತಾಯಿಯನ್ನು ವೈದ್ಯರಿಗೆ ತೋರಿಸಿರಲಿಲ್ಲ. ವಯಸ್ಸಾಯಿತು ಎಂದು ಬಿಟ್ಟುಬಿಟ್ಟಿದ್ದರು. ಈಗ ತನ್ನ ಸರದಿ ಬಂದಾಗ, ಹೆಸರು ಹೇಳಲೂ ಭಯವಾಗುವ ಕಾಯಿಲೆಯೇ ಇರಬೇಕು ಎಂದು ಅಕ್ಕ ತೀರ್ಮಾನ ಮಾಡಿಕೊಂಡರು. ತೀರ್ಮಾನ ಮಾಡಿಕೊಂಡು ಹೊಟ್ಟೆಯಲ್ಲೇ ಇಟ್ಟುಕೊಂಡರು.

ಪ್ರಯೋಗಾಲಯದಲ್ಲಿ ಉಪಾಯ ಹುಡುಕಿದರು. ಮೊಣಕೈ ಮೇಜಿಗೆ ಊರಿ, ಬಲ ಮಣಿಕಟ್ಟನ್ನು ಎಡಗೈಯಿಂದ ಹಿಡಿದು ತೂಗುವರು. ಪುಡಿ ಹೆಚ್ಚು ಬಿದ್ದರೆ ಎಲ್ಲ ಚೆಲ್ಲಿ ಮತ್ತೆ ಮೊದಲಿನಿಂದ. ಯಾರಾದರೂ ಒಳಗೆ ಬಂದರೆ ತಕ್ಷಣ ಕೈ ಕೆಳಗೆ. ಒಳ್ಳೆಯ ದಿನ, ಕೆಟ್ಟ ದಿನ ಎಂದು ಎರಡು ಬಗೆ ಆದವು. ಕೆಟ್ಟ ದಿನ ಸೋಡಾ ನೀರು ಹನಿಯುವ ಬದಲು ಒಮ್ಮೆಲೇ ಸುರಿದುಬಿಡುತ್ತಿತ್ತು. ಮತ್ತೆ ಮಾಡುವಷ್ಟು ಸಮಯವಿದ್ದರೆ ಮಾಡುವರು. ಇಲ್ಲದಿದ್ದರೆ ಹಲ್ಲು ಕಚ್ಚಿಕೊಂಡು ಅದನ್ನೇ ಮುಂದೆ ಕಳಿಸುವರು. ಹೀಗೆ ಎರಡು ವರ್ಷ ನಡೆಯಿತು ಅಂದರೆ ನಂಬಿ. ಅವರನ್ನು ಯಾರೂ ಅನುಮಾನಿಸಲಿಲ್ಲ. ತಕ್ಕಡಿ ಅಕ್ಕನ ತೂಕವನ್ನು ಅನುಮಾನಿಸುವುದು ಯಾರಿಗೆ ತಾನೇ ಹೊಳೆಯಬೇಕು?

ಯಂತ್ರ ಬಂದದ್ದು ಆಗ.

ಹಳೆಯ ದಾಸ್ತಾನು ಕೋಣೆಯನ್ನು ಖಾಲಿ ಮಾಡಿಸಿ, ಗಾಜಿನ ಗೋಡೆ ಹಾಕಿ ಅದನ್ನು ಕೂರಿಸಿದರು. ಹಳಿಯ ಮೇಲೆ ಓಡಾಡುವ ಒಂದು ತೋಳು. ಅದು ತಾನೇ ತೂಗುತ್ತದೆ, ಬೆರೆಸುತ್ತದೆ, ಸುಡುತ್ತದೆ, ಕೊಳವೆಗೆ ತುಂಬಿ ಹೊಗೆ ಹಾಯಿಸಿ ಪರೀಕ್ಷೆಯನ್ನೂ ಮಾಡುತ್ತದೆ. ಅಷ್ಟೇ ಆಗಿದ್ದರೆ ಅದೊಂದು ದೊಡ್ಡ ಗಿರಣಿ ಅನ್ನಬಹುದಿತ್ತು. ಅದರ ಹಿಂದೆ ಕೂತಿದ್ದ ಕಂಪ್ಯೂಟರ್ ಪ್ರತಿ ಪರೀಕ್ಷೆಯ ಫಲಿತಾಂಶ ನೋಡಿ ಕಲಿಯುತ್ತಿತ್ತು. ಮುಂದೆ ಯಾವ ಲೋಹ ಎಷ್ಟು ಹಾಕಿದರೆ ಒಳ್ಳೆಯದು ಎಂದು ತಾನೇ ಆರಿಸಿ ತೋಳಿಗೆ ಹೇಳುತ್ತಿತ್ತು.

ಅದರ ಜೊತೆಗೆ ಬಂದವಳು ಒಬ್ಬ ಇಂಜಿನಿಯರ್. ಕೋಡ್ ಬರೆಯುವವಳು, ಆದ್ದರಿಂದ ಕೋಡಮ್ಮ. ಹೆಸರಿಟ್ಟವನು ನಾನೇ. ಕೋಪಿಸಿಕೊಳ್ಳುತ್ತಾಳೇನೋ ಅಂದುಕೊಂಡಿದ್ದೆ, ಅವಳು ಕೂದಲು ಎರಡೂ ಕಡೆ ಸರಿಸಿ, "ನೋಡಿ, ಕೋಡು ಎಲ್ಲಾದ್ರೂ ಕಾಣ್ತಿದೆಯಾ?" ಎಂದು ನಕ್ಕಳು. ಅವತ್ತಿನಿಂದ ನಮಗೆ ಅವಳು ಬೇಕಾದವಳಾದಳು.

ಎಲ್ಲರೂ ಅಕ್ಕನಿಗೆ ಸಮಾಧಾನ ಹೇಳತೊಡಗಿದರು. ಕ್ಯಾಂಟೀನಿನಲ್ಲಿ ಅವರು ಕೂತರೆ ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಮಾತು. "ನಿಮ್ಮಂಥ ಕೈ ಅದಕ್ಕೆ ಎಲ್ಲಿಂದ ಬರಬೇಕು ಬಿಡಿ ಅಕ್ಕಾ" ಎಂದು ನಾನೂ ಅಂದೆ. ಅಕ್ಕ ತಲೆ ಬಗ್ಗಿಸಿ ಎದ್ದು ಹೋದರು. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಬಹಳ ದಿನಗಳ ಮೇಲೆ ಹೇಳಿದರು. ತೋಳು ಮೊದಲ ಸಲ ಪುಡಿ ತೂಗಿದ್ದನ್ನು ಗಾಜಿನಾಚೆ ನಿಂತು ನೋಡಿದಾಗ, ತಲೆಯ ಮೇಲಿನ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗಾಯಿತಂತೆ. ಇನ್ನು ತೂಗಬೇಕಾಗಿಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ನಾಚಿಕೆ. ಜೀವನವಿಡೀ ಹೆಮ್ಮೆಪಟ್ಟ ಕೆಲಸ ಕೈಬಿಟ್ಟು ಹೋಗುವಾಗ ಖುಷಿಪಡುವ ತಾನು ಎಂಥವಳು ಎಂದು. ಎಲ್ಲರೂ ಸಾಂತ್ವನ ಹೇಳಿದಷ್ಟೂ ಆ ನಾಚಿಕೆ ಬೆಳೆಯಿತು.

ಕೋಡಮ್ಮನಿಗೆ ಅಕ್ಕನ ಕೈಕೆಲಸದ ವಿಡಿಯೋ ಬೇಕಾಗಿತ್ತು. ಎಷ್ಟು ನಿಧಾನ ಹನಿ ಬಿಡುತ್ತಾರೆ, ಪುಡಿ ಅಂಟಿಕೊಂಡರೆ ಹೇಗೆ ತಟ್ಟುತ್ತಾರೆ ಎಂದು ನೋಡಿ ತೋಳಿಗೆ ಹೇಳಿಕೊಡಬೇಕು. ಅಕ್ಕ ಒಂದು ದಿನ ತಲೆನೋವು ಅಂದರು, ಇನ್ನೊಂದು ದಿನ ಕನ್ನಡಕ ಮರೆತೆ ಅಂದರು, ಮತ್ತೊಂದು ದಿನ ಕೋಡಮ್ಮ ಕಾರಿಡಾರಿನಲ್ಲಿ ಬರುವುದು ಕಂಡು ಮೆಟ್ಟಿಲು ಇಳಿದುಬಿಟ್ಟರು.

ಕೋಡಮ್ಮ ನನ್ನ ಕಿಟಕಿಗೆ ಬಂದು ಕೈಕಟ್ಟಿ ನಿಂತಳು. "ಅಕ್ಕನಿಗೆ ನನ್ನ ಕಂಡ್ರೆ ಆಗಲ್ಲ ಅಲ್ವಾ?"

"ಹಾಗೇನಿಲ್ಲಮ್ಮ. ಸ್ವಲ್ಪ ದಿನ ಹೋಗಲಿ."

"ಅವರ ಕೆಲಸ ಕಿತ್ಕೊಳ್ಳೋಕೆ ಬಂದವಳು ನಾನಲ್ಲ," ಅಂದಳು. ಕಣ್ಣು ತುಂಬಿತ್ತು.

ಆಮೇಲೆ ಒಂದು ಸಭೆ ಆಯಿತು. ಯಂತ್ರ ಸೊನ್ನೆಯಿಂದ ಶುರುಮಾಡುವುದಿಲ್ಲ, ಇಷ್ಟು ವರ್ಷಗಳಲ್ಲಿ ನಾವು ಮಾಡಿದ ಪುಡಿಗಳ ಫಲಿತಾಂಶಗಳನ್ನೆಲ್ಲ ಮೊದಲು ಅದಕ್ಕೆ ಕೊಡುತ್ತೇವೆ, ಅವುಗಳಿಂದ ಅದು ಕಲಿಯುತ್ತದೆ ಎಂದು ಕೋಡಮ್ಮ ವಿವರಿಸಿದಳು. ಅಕ್ಕನ ಕಡೆ ತಿರುಗಿ, ಹೇಗಾದರೂ ಒಲಿಸಿಕೊಳ್ಳಬೇಕೆಂದೋ ಏನೋ, "ಹಾಗೆ ನೋಡಿದ್ರೆ ಇದರ ಮೊದಲ ಗುರು ನಮ್ಮ ತಕ್ಕಡಿ ಅಕ್ಕನೇ" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಎದ್ದು ನಿಂತು ತಟ್ಟಿದರು. ಅಕ್ಕನ ಮುಖ ಬಿಳಿಚಿತ್ತು. ಹೊಗಳಿಕೆಯ ಸಂಕೋಚಕ್ಕೆ ಹಾಗಾಗಿರಬೇಕು ಅಂದುಕೊಂಡೆವು.

ಅವತ್ತು ಸಂಜೆ ಅಕ್ಕ ಮನೆಗೆ ಹೋದವರೇ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತುಬಿಟ್ಟರು. ಗಂಡ ಶಾಲೆಯ ಸಮವಸ್ತ್ರಕ್ಕೆ ಜೇಬು ಕೂರಿಸುತ್ತಿದ್ದರು. ಕಾಲು ನಿಲ್ಲಿಸಿ, "ಏನಾಯ್ತು?" ಅಂದರು.

ಅಕ್ಕ ಎರಡೂ ಕೈ ಚಾಚಿ ತೋರಿಸಿದರು. ಬೆರಳುಗಳು ಸುಮ್ಮಸುಮ್ಮನೆ ಕುಣಿಯುತ್ತಿದ್ದವು.

ಗಂಡ ನೋಡಿದರು. "ಯಾವಾಗಿಂದ?"

"ಎರಡು ವರ್ಷ ಆಯ್ತು."

"ಅದಕ್ಕೇನಾ ಸೂಜಿ... ನಾನು ನಿನಗೆ ನನ್ನ ಮೇಲೆ ಸಿಟ್ಟು ಅಂದ್ಕೊಂಡೆ ಕಣೇ. ಏನು ತಪ್ಪು ಮಾಡಿದೆ ಅಂತ ದಿನಾ ತಲೆ ಕೆಡಿಸ್ಕೊಂಡಿದ್ದೆ."

ಇಬ್ಬರೂ ಸ್ವಲ್ಪ ನಕ್ಕರು, ಆಮೇಲೆ ಅಕ್ಕ ಅತ್ತರು. ಯಂತ್ರದ ವಿಷಯವನ್ನೂ ಹೇಳಿದರು. "ಈ ಎರಡು ವರ್ಷದ್ದು ಕೆಲವು ಸರಿ ಇದೆ, ಕೆಲವು ಇಲ್ಲ ರೀ. ನಾಳೆ ಅದನ್ನೆಲ್ಲ ಅದಕ್ಕೆ ಕೊಡ್ತಾರೆ. ಪಾಪ, ಅದು ನಂಬುತ್ತೆ."

"ಯಂತ್ರದ ಮೇಲೆ ಪಾಪ ಅಂತೀಯಲ್ಲ!"

"ಏನೂ ಗೊತ್ತಿಲ್ಲದವರಿಗೆ ತಪ್ಪು ಹೇಳಿಕೊಟ್ಟ ಹಾಗಲ್ವಾ? ಮುಂದೆ ಅದು ಏನೇ ಮಾಡಿದ್ರೂ ಅದರೊಳಗೆ ನನ್ನ ನಡುಕ ಇರುತ್ತೆ."

ಗಂಡ ಅವರ ಕೈಗಳನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. "ಹೇಳಿಬಿಡು. ಬೈದ್ರೆ ಬೈಸ್ಕೊ. ಕೆಲಸ ಬಿಡು ಅಂದ್ರೆ ಮನೆಗೆ ಬಾ, ಗುಂಡಿ ಹಾಕೋ ಕೆಲಸ ಕೊಡ್ತೀನಿ. ಅಲ್ಲ, ಅದೂ ಈಗ ನಿನ್ನ ಕೈಲಾಗಲ್ಲ."

ಮಾರನೆಯ ಬೆಳಿಗ್ಗೆ ಅಕ್ಕ ಮೇಷ್ಟ್ರ ಕೋಣೆಗೆ ಹೋದರು. ಕೋಡಮ್ಮನೂ ಅಲ್ಲೇ ಇದ್ದಳು. ನಾನು ಸಿಲಿಂಡರ್ ಸಹಿಗೆಂದು ಬಾಗಿಲಲ್ಲಿ ನಿಂತಿದ್ದೆ.

"ಸಾರ್, ಹೋದ ಎರಡು ವರ್ಷದ್ದು ಯಂತ್ರಕ್ಕೆ ಹಾಕಬೇಡಿ. ನನ್ನ ಕೈ ನಡುಗುತ್ತೆ. ತೂಕ ಎಲ್ಲಾ ಸಲ ಸರಿ ಬಂದಿಲ್ಲ."

ಮೇಷ್ಟ್ರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. ಆ ಎರಡು ವರ್ಷದಲ್ಲೇ ಅವರಿಗೆ ತುಂಬ ಇಷ್ಟವಾದ ಒಂದು ಪುಡಿ ಸಿಕ್ಕಿತ್ತು. ಮುಂದಿನ ಕೆಲಸವನ್ನೆಲ್ಲ ಅದರ ಮೇಲೆ ಕಟ್ಟುವ ಯೋಚನೆಯಲ್ಲಿದ್ದರು. "ಆವಾಗಲೇ ಹೇಳಬೇಕಿತ್ತು ನೀವು" ಅಂದರು. ದನಿಯಲ್ಲಿ ಸಿಟ್ಟಿತ್ತು. ಎದ್ದು ಹೊರಟುಹೋದರು.

ಅಕ್ಕ ಬೆಪ್ಪಾಗಿ ನಿಂತಿದ್ದರು. ಕೋಡಮ್ಮ ಕುರ್ಚಿ ಎಳೆದು ಕೂರಿಸಿದಳು, ನೀರು ಕೊಟ್ಟಳು, ಲೋಟ ತಾನೇ ಹಿಡಿದುಕೊಂಡಳು. "ವಿಡಿಯೋ ಬೇಡ ಅಂದಿದ್ದು ಇದಕ್ಕಾ ಅಕ್ಕಾ? ನಾನು ಏನೇನೋ ಅಂದ್ಕೊಂಡೆ."

"ತಪ್ಪು ತಿಳ್ಕೋಬೇಡಮ್ಮ."

"ಸರಿ, ಈಗ ಕೇಳಿ. ಎರಡು ವರ್ಷದ್ದು ಎಲ್ಲಾ ಬಿಸಾಡೋದು ಬೇಡ. ಯಾವುದು ಚೆನ್ನಾಗಿ ಬಂದಿತ್ತು, ಯಾವುದರ ಮೇಲೆ ಅನುಮಾನ ಅಂತ ನೆನಪಿದೆಯಾ?"

"ಕೆಟ್ಟ ದಿನ ಒಂದೂ ಮರೆತಿಲ್ಲ."

"ಹಾಗಿದ್ರೆ ಸಾಕು. ಇದರ ಮೇಲೆ ಪೂರ್ತಿ ನಂಬಿಕೆ ಇಡು, ಅದರ ಮೇಲೆ ಅಷ್ಟಕ್ಕಷ್ಟೇ ಅಂತ ಯಂತ್ರಕ್ಕೆ ಹೇಳಬಹುದು. ಅದಕ್ಕೇನೂ ಬೇಜಾರಿಲ್ಲ."

ಇಬ್ಬರೂ ಅದೇ ಕೋಣೆಯಲ್ಲಿ ಕೂತು ಒಂದೊಂದಾಗಿ ವಿಂಗಡಿಸಿದರು. ಯಂತ್ರದ ಮೊಟ್ಟಮೊದಲ ಕೆಲಸ ಹೊಸ ಪುಡಿ ಹುಡುಕುವುದಾಗಲಿಲ್ಲ. ಅಕ್ಕ ಅನುಮಾನಪಟ್ಟ ಪುಡಿಗಳನ್ನು ಮತ್ತೆ ಮಾಡಿ ನೋಡುವುದಾಯಿತು. ಅಕ್ಕ ಗಾಜಿನ ಹೊರಗೆ ಮುಳ್ಳಿನ ಮೇಲೆ ನಿಂತಂತೆ ನಿಂತಿರುತ್ತಿದ್ದರು. ಹೆಚ್ಚಿನವು ಅಕ್ಕ ಹೆದರಿದಷ್ಟು ಕೆಟ್ಟಿರಲಿಲ್ಲ. ಹಳೆಯ ಫಲಿತಾಂಶದ ಆಸುಪಾಸಿನಲ್ಲೇ ಬಂದವು. ಕೆಲವು ದೂರ ಹೋದವು. ಮೇಷ್ಟ್ರಿಗೆ ಇಷ್ಟವಾಗಿದ್ದ ಪುಡಿ ಪೂರ್ತಿ ಮಕಾಡೆ ಮಲಗಿತು. ಬರೆದಿಟ್ಟ ತೂಕದಲ್ಲೇ ಮಾಡಿದರೆ ಅದರಲ್ಲಿ ಅಂಥ ವಿಶೇಷ ಏನೂ ಇರಲಿಲ್ಲ. ಅಂದು ಕೈ ತಪ್ಪಿ ಬಿದ್ದದ್ದು ಎಷ್ಟೆಂದು ಯಾರಿಗೂ ಗೊತ್ತಿಲ್ಲ, ಮತ್ತೆ ಮಾಡುವ ದಾರಿಯೂ ಇಲ್ಲ.

ಮೇಷ್ಟ್ರು ಒಂದು ವಾರ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಆಮೇಲೊಂದು ದಿನ ಕ್ಯಾಂಟೀನಿನಲ್ಲಿ ತಮ್ಮ ಚಹಾ ಎತ್ತಿಕೊಂಡು ಮೊದಲಿನಂತೆ ಅಕ್ಕನ ಮೇಜಿಗೆ ಬಂದರು.

"ಅಕ್ಕಾ, ನೀವು ಹೇಳದೆ ಇದ್ದಿದ್ರೆ ನಾನು ಆ ಪುಡಿ ಹಿಂದೆ ಇನ್ನೂ ಎಷ್ಟು ವರ್ಷ ಅಲೀತಿದ್ನೋ."

"ಆವಾಗಲೇ ಹೇಳಿದ್ರೆ ನೀವು ಅದರ ಹಿಂದೆ ಹೋಗ್ತಾನೇ ಇರಲಿಲ್ಲ ಸಾರ್. ನೀವು ಬೈದಿದ್ದು ಸರಿ."

ಮೇಷ್ಟ್ರು ಚಹಾ ಕಲಕಿದರು, ಕಲಕುತ್ತಲೇ ಇದ್ದರು. "ದಿನಾ ಇದೇ ಮೇಜಲ್ಲಿ ಒಟ್ಟಿಗೆ ಚಹಾ ಕುಡೀತೀವಿ. ನೀವು ಲೋಟಾನ ಎರಡು ಕೈಲಿ ಹಿಡಿಯೋದು ನನ್ನ ಕಣ್ಣಿಗೇ ಬೀಳಲಿಲ್ಲವಲ್ಲ. ಡಾಕ್ಟರಿಗೆ ತೋರಿಸಿದ್ರಾ?"

ತೋರಿಸಿರಲಿಲ್ಲ. ಭಯ. ಗಂಡ ಮತ್ತು ಕೋಡಮ್ಮ ಇಬ್ಬರೂ ಒಂದೊಂದು ರಟ್ಟೆ ಹಿಡಿದು ಕರೆದುಕೊಂಡು ಹೋದರು ಅನ್ನಬೇಕು. ವೈದ್ಯೆ ನಡೆಸಿ ನೋಡಿದರು, ಕಾಗದದ ಮೇಲೆ ಸುರುಳಿ ಬರೆಸಿದರು, ತಾಯಿಯ ವಿಚಾರ ಕೇಳಿದರು. ಅಕ್ಕ ಹೆದರಿದ್ದ ಕಾಯಿಲೆ ಅದಾಗಿರಲಿಲ್ಲ. ಕೆಲವು ಮನೆತನಗಳಲ್ಲಿ ಬರುವ ಬರಿಯ ನಡುಕ. ಪೂರ್ತಿ ಹೋಗುವುದಿಲ್ಲ, ಮಾತ್ರೆಯಿಂದ ಹತೋಟಿಗೆ ಬರುತ್ತದೆ, ಪ್ರಾಣಕ್ಕೆ ಅಪಾಯವಿಲ್ಲ. ಹೊರಗೆ ಬಂದ ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ಅಮ್ಮನಿಗೂ ಈ ಮಾತ್ರೆ ಕೊಡಿಸಬಹುದಿತ್ತು" ಎಂದರಂತೆ.

ಮತ್ತೆ ತಕ್ಕಡಿಯ ಮುಂದೆ ಕೂರುವ ಪ್ರಶ್ನೆ ಇರಲಿಲ್ಲ. ಅವರನ್ನು ಯಂತ್ರದ ಕೋಣೆಗೆ ಹಾಕಿದರು. ತಾನೇ ಎಲ್ಲ ಮಾಡುತ್ತದೆ ಎಂದು ಹೊರಗಿನವರು ಹೇಳುವ ಯಂತ್ರಕ್ಕೆ ಎಷ್ಟು ಸೇವೆ ಬೇಕು ಎಂಬುದು ಒಳಗಿದ್ದವರಿಗೇ ಗೊತ್ತು. ಬಾಟಲಿ ತುಂಬಬೇಕು, ಕಟ್ಟಿಕೊಂಡ ನಳಿಗೆ ಬಿಡಿಸಬೇಕು, ತೇವ ಹಿಡಿದ ಲವಣ ಬದಲಿಸಬೇಕು, ಸಿಲಿಂಡರ್ ಖಾಲಿಯಾಗುವ ಮೊದಲೇ ನನ್ನ ಕಿಟಕಿಗೆ ಓಡಿ ಬರಬೇಕು. "ಮದುಮಗನನ್ನ ನೋಡ್ಕೊಂಡ ಹಾಗೆ ನೋಡ್ಕೋಬೇಕು" ಎಂದು ಅಕ್ಕ ಗೊಣಗುವರು. ಏನಾದರೂ ಸರಿಯಿಲ್ಲ ಎನಿಸಿದರೆ ಒತ್ತಿ ಯಂತ್ರವನ್ನೇ ನಿಲ್ಲಿಸಲು ಒಂದು ಕೆಂಪು ಗುಂಡಿಯನ್ನೂ ಅವರ ಸುಪರ್ದಿಗೆ ಕೊಟ್ಟಿದ್ದರು.

ಆ ಗುಂಡಿಯನ್ನು ಅಕ್ಕ ಮೊದಲ ಸಲ ಒತ್ತಿದ್ದು ತಪ್ಪಾಯಿತು. ಯಂತ್ರ ಆರಿಸಿದ ಒಂದು ಪಾಕದಲ್ಲಿ ಸೋಡಾ ವಿಪರೀತ ಹೆಚ್ಚಿತ್ತು. ಪಾತ್ರೆಯಲ್ಲಿ ನೊರೆ ಬುಸುಬುಸು ಮೇಲೆದ್ದಿತು. ಉಕ್ಕಿ ತೋಳಿನ ಮೇಲೆಲ್ಲ ಸುರಿಯುತ್ತದೆ ಎಂದು ಅಕ್ಕ ಒತ್ತಿಯೇಬಿಟ್ಟರು. ಜೊತೆಗೆ ಸಾಲಾಗಿ ನಡೆಯುತ್ತಿದ್ದ ಅಷ್ಟೂ ಪುಡಿಗಳು ಅರ್ಧಕ್ಕೆ ನಿಂತು ಹಾಳಾದವು. ಕೋಡಮ್ಮ ಓಡಿಬಂದು ನೋಡಿದಳು, ತಲೆಯ ಮೇಲೆ ಕೈಹೊತ್ತಳು. ಮತ್ತೆ ಮಾಡಿದಾಗ ನೊರೆ ಪಾತ್ರೆಯ ಅಂಚಿನವರೆಗೆ ಬಂದು ತಾನೇ ಇಳಿಯಿತು. ಆ ಪುಡಿ, ನೋಡಿದರೆ, ಅಲ್ಲಿಯವರೆಗಿನ ಒಳ್ಳೆಯವುಗಳಲ್ಲಿ ಒಂದು.

ಅಕ್ಕ ನೇರ ಕೋಡಮ್ಮನ ಬಳಿ ಹೋಗಿ, "ಆ ಗುಂಡಿ ನನಗೆ ಬೇಡಮ್ಮ. ನನ್ನ ಕೈಯನ್ನ ನಾನೇ ನಂಬಲ್ಲ ಈಗ" ಅಂದರು.

"ಒತ್ತಿದ್ದು ಕೈ ಅಲ್ಲ ಅಕ್ಕಾ, ಬುದ್ಧಿ. ಈ ಸಲ ಬುದ್ಧಿ ತಪ್ತು, ನನಗೂ ಸಿಟ್ಟು ಬಂತು, ನಿಜ. ಆದ್ರೆ ನೀವು ಹೆದರಿಕೊಂಡು ಸುಮ್ನೆ ಕೂತರೆ ನಾನು ಇದನ್ನ ಬಿಟ್ಟು ಮನೆಗೆ ಹೋಗೋದು ಹೇಗೆ? ಹೇಳಿ, ನೊರೆ ಎಲ್ಲಿವರೆಗೆ ಬಂದಾಗ ನಿಮಗೆ ಭಯ ಆಯ್ತು?"

ಅಕ್ಕ ಪಾತ್ರೆಯ ಮೇಲೆ ಬೆರಳಿಟ್ಟು ತೋರಿಸಿದರು. ಕೋಡಮ್ಮ ಅಲ್ಲಿಗೊಂದು ಕ್ಯಾಮೆರಾ ತಿರುಗಿಸಿಟ್ಟಳು. ನೊರೆ ಆ ಮಟ್ಟಕ್ಕೆ ಬಂದರೆ ಸೋಡಾ ಬಿಡುವುದನ್ನು ನಿಧಾನ ಮಾಡು ಎಂದು ಯಂತ್ರಕ್ಕೆ ಹೇಳಿದಳು. ಗುಂಡಿ ಅಕ್ಕನ ಬಳಿಯೇ ಉಳಿಯಿತು. ಆಮೇಲೆ ಅವರು ಹಲವು ಸಲ ಒತ್ತಿದರು. ಕೆಲವು ಸಲ ಸರಿ, ಕೆಲವು ಸಲ ಸುಮ್ಮನೆ ಗಾಬರಿ. ಒತ್ತಿದಾಗಲೆಲ್ಲ ಕಾರಣ ಹೇಳುತ್ತಿದ್ದರು, ಕೋಡಮ್ಮ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೊಮ್ಮೆ ಇಬ್ಬರ ಜಗಳ ನನ್ನ ಸ್ಟೋರಿನವರೆಗೂ ಕೇಳಿಸುತ್ತಿತ್ತು.

ಯಂತ್ರ ಹುಡುಕಿದ ಪುಡಿಗಳಲ್ಲಿ ಅದರ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು ತೇವದ ಹೊಗೆಯಲ್ಲಿ ಬೇಗ ಸುಸ್ತಾಗುತ್ತಿತ್ತು. ಬಾಳಿಕೆ ಮುಖ್ಯ ಎಂದು ಅದಕ್ಕೆ ನಾವು ಯಾರೂ ಹೇಳಿರಲಿಲ್ಲ. ಆ ಯೋಚನೆ ಮೇಷ್ಟ್ರಿಗೂ ಕೋಡಮ್ಮನಿಗೂ ತಡವಾಗಿ ಬಂತು. ಹೇಳಿದ ಮೇಲೆ ಅದು ದಾರಿ ಬದಲಿಸಿತು. ಕೊನೆಗೆ ಅಕ್ಕನೂ ಸೇರಿ ಮೂವರೂ ಕೂತು, ಮೊದಲನೆಯದನ್ನು ಬಿಟ್ಟು, ಸ್ವಲ್ಪ ನಿಧಾನವಾದರೂ ಗಟ್ಟಿಯಾದ ಮತ್ತೊಂದನ್ನು ಆರಿಸಿದರು.

ಅದನ್ನು ಹೊರಗೆ ಮೊದಲು ಪರೀಕ್ಷಿಸಿದ್ದು ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯೊಂದರ ಜನರೇಟರ್ ಶೆಡ್ಡಿನಲ್ಲಿ. ಹೊಗೆಕೊಳವೆಗೆ ಪುಡಿ ತುಂಬಿದ ಡಬ್ಬಿ ಜೋಡಿಸಲು ಮೇಷ್ಟ್ರು, ಕೋಡಮ್ಮ, ಅಕ್ಕ ಹೊರಟಾಗ ಸಾಮಾನು ಹೊರಲು ನಾನೂ ಹೋದೆ. ಗಾಡಿ ಬಾಗಿಲಲ್ಲೇ ನಿಲ್ಲಿಸಿದ್ದೆವು. ಜನರೇಟರ್ ಓಡಿತು. ವಿಷಾನಿಲ ಅಳೆಯುವ ಮೀಟರ್ ಹಿಡಿದು ಅಕ್ಕನೇ ಕೊಳವೆಯ ಬಾಯಿ ಹತ್ತಿರ ನಿಂತರು. ಅಂಕಿ ಇಳಿಯುತ್ತಾ ಇಳಿಯುತ್ತಾ ಬಂದು ಕೆಳಗೇ ನಿಂತಿತು. ಯಾರೂ ಕೂಗಲಿಲ್ಲ. ಮೇಷ್ಟ್ರು ಮಾತ್ರ, "ಇನ್ನೊಂದ್ಸಲ ಓದಿ ಅಕ್ಕಾ" ಅಂದರು. ಅಕ್ಕ ಓದಿದರು. "ಇನ್ನೊಂದ್ಸಲ." ಮತ್ತೆ ಓದಿದರು.

ಜನರೇಟರ್ ನೋಡಿಕೊಳ್ಳುವ ಆಪರೇಟರ್ ಕೈ ಒರೆಸಿಕೊಳ್ಳುತ್ತಾ ಹತ್ತಿರ ಬಂದ. "ಚೆನ್ನಾಗಿದೆಯಲ್ಲ ಡಬ್ಬಿ. ಯಾರು ಮಾಡಿದ್ದು ಇದನ್ನ?"

ಮೇಷ್ಟ್ರು ಕೋಡಮ್ಮನ ಮುಖ ನೋಡಿದರು. ಕೋಡಮ್ಮ ಅಕ್ಕನ ಮುಖ ನೋಡಿದಳು. ಅಕ್ಕ ಏನೋ ಹೇಳಲು ಹೊರಟರು.

"ಅದಿರಲಿ," ಅಂದ ಅವನು, "ಆ ಗಾಡಿ ಸ್ವಲ್ಪ ಪಕ್ಕಕ್ಕೆ ಹಾಕಿ. ಒಗೆದ ಬಟ್ಟೆ ಲಾರಿ ಬರೋ ಹೊತ್ತಾಯ್ತು."